ಟಿವಿ ರೆಕಾರ್ಡರ್: ಡಿಶ್‌ನಿಂದ ಪರದೆಯವರೆಗಿನ ಹಾದಿ

ಡಿಜಿಟಲ್ ವಿಡಿಯೊ ರೆಕಾರ್ಡರ್ ಅಂದರೆ ಹಾರ್ಡ್‌ಡಿಸ್ಕ್ ಇರುವ ಸೆಟ್‌ಟಾಪ್ ಬಾಕ್ಸ್. ಡಿಶ್‌ನಿಂದ ಇಳಿದು ಬಂದ ಕಾರ್ಯಕ್ರಮವನ್ನು ಇದು ಅಂಕಿಗಳಾಗಿಯೇ ಬರೆದಿಟ್ಟುಕೊಂಡು, ಕೇಳಿದಾಗ ಚಿತ್ರ ಮಾಡಿ ಟಿವಿಗೆ ಕಳಿಸುತ್ತದೆ. ಅಂಗಡಿಗಳಲ್ಲಿ, ತೋಟದ ಮನೆಗಳಲ್ಲಿ ಸಿಸಿಟಿವಿಗೆಂದು ಹಾಕಿಸುವ ಡಿವಿಆರ್ ಕೂಡ ಇದೇ ಜಾತಿಯದು. ಅಲ್ಲಿ ಡಿಶ್ ಬದಲು ಕ್ಯಾಮೆರಾ ಇರುತ್ತದೆ. ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿದಾಗ ಏಳುವ ತಕರಾರುಗಳಲ್ಲಿ ಹೆಚ್ಚಿನವು ಪೆಟ್ಟಿಗೆಯವಲ್ಲ, ಸಂಕೇತ ಬರುವ ಹಾದಿಯವು. ಉಪಗ್ರಹ, ಡಿಶ್, ಕೇಬಲ್, ಡಿಸ್ಕ್, ಕೊನೆಗೆ ಟಿವಿ ಎಂಬ ಆ ಸಾಲು ಒಮ್ಮೆ ತಿಳಿದರೆ ಮೆನುವಿನ ಪ್ರತಿಯೊಂದು ಆಯ್ಕೆಗೂ ಅರ್ಥ ಸಿಗುತ್ತದೆ.

ಹಾಸನ ಜಿಲ್ಲೆಯ ಮಟ್ಟಿಗೆ ಈ ಹಾದಿಯ ಮೊದಲ ಕೊಂಡಿ ಊರಿನ ಪಕ್ಕದಲ್ಲೇ ಇದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರವಿದೆ; ಜನ ಎಂಸಿಎಫ್ ಎಂದೇ ಕರೆಯುತ್ತಾರೆ. 1982ರಲ್ಲಿ ಇನ್ಸಾಟ್-1ಎ ಉಪಗ್ರಹಕ್ಕಾಗಿ ಶುರುವಾದ ಈ ಕೇಂದ್ರದಿಂದಲೇ ಭಾರತದ ಭೂಸ್ಥಿರ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸುವ ಕೆಲಸ ನಡೆಯುತ್ತದೆ. 2005ರಲ್ಲಿ ಭೋಪಾಲದಲ್ಲಿ ಎರಡನೆಯ ಕೇಂದ್ರ ಸೇರಿಕೊಂಡಿತು. ಟಾಟಾ ಪ್ಲೇ ಬಳಸುವ ಜಿಸ್ಯಾಟ್-24 ಉಪಗ್ರಹ 2022ರ ಜೂನ್‌ನಲ್ಲಿ ಏರಿಯಾನ್-5 ರಾಕೆಟ್ಟಿನಿಂದ ಬೇರ್ಪಟ್ಟ ಕೂಡಲೇ ಅದರ ಹಿಡಿತ ಹಾಸನದ ಕೈಗೆ ಬಂತು. ಹೀಗೆ ಹಳ್ಳಿಮೈಸೂರಿನ ಒಂದು ಮನೆಯ ಡಿಶ್ ನೋಡುತ್ತಿರುವುದು ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿರುವ ಉಪಗ್ರಹವನ್ನು, ಅದು ಅಲ್ಲಿಂದ ಜರುಗದಂತೆ ನೋಡಿಕೊಳ್ಳುವವರು ಮಾತ್ರ ಅದೇ ಜಿಲ್ಲೆಯಲ್ಲಿದ್ದಾರೆ. ಚಂದ್ರ, ಸೂರ್ಯರ ಸೆಳೆತಕ್ಕೆ ಉಪಗ್ರಹ ಮೆಲ್ಲಗೆ ಸರಿಯುತ್ತದೆ. ಸರಿದಷ್ಟೂ ಅದರ ಪುಟ್ಟ ಎಂಜಿನ್‌ಗಳನ್ನು ಉರಿಸಿ ಹಿಂದಕ್ಕೆ ತರಬೇಕು.

60 ಸೆಂ.ಮೀ. ಅಗಲದ ಮನೆಯ ಡಿಶ್‌ಗೆ ಕಾಣುವ ಆಕಾಶದ ತುಣುಕು ಸುಮಾರು 3 ಡಿಗ್ರಿಯಷ್ಟು ಮಾತ್ರ. ಆದ್ದರಿಂದ ದಿಕ್ಕಿನ ಲೆಕ್ಕ ಬೇಕು. ಹೊಳೆನರಸೀಪುರ, ಹಳ್ಳಿಮೈಸೂರಿನ ಸುತ್ತ 83 ಡಿಗ್ರಿ ಪೂರ್ವದ ಉಪಗ್ರಹ, ಅಂದರೆ ಮೇಲೆ ಹೇಳಿದ ಜಿಸ್ಯಾಟ್-24, ತೆಂಕಣದಿಂದ ಮೂಡಣದ ಕಡೆಗೆ 28 ಡಿಗ್ರಿ ತಿರುಗಿದ ದಿಕ್ಕಿನಲ್ಲಿ, ನೆಲದಿಂದ 73 ಡಿಗ್ರಿ ಮೇಲಿದೆ. ಹೆಚ್ಚುಕಡಿಮೆ ನೆತ್ತಿಯ ಹತ್ತಿರ. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಇರುವುದು 93.5 ಡಿಗ್ರಿಯಲ್ಲಿ. ಅದಕ್ಕೆ ಡಿಶ್ಶನ್ನು ತೆಂಕಣದಿಂದ 55 ಡಿಗ್ರಿ ಮೂಡಣಕ್ಕೆ ತಿರುಗಿಸಬೇಕು, ಎತ್ತರ 65 ಡಿಗ್ರಿ. ತೆಂಗಿನ ತೋಟದ ನಡುವೆ ಮನೆ ಇರುವವರಿಗೆ ಈ ಎತ್ತರ ದೊಡ್ಡ ಅನುಕೂಲ. ಡಿಶ್ ನೆಲಮಟ್ಟದಲ್ಲೇ ಇದ್ದರೂ 60 ಅಡಿಯ ಮರ 18 ಅಡಿಗಿಂತ ಆಚೆ ಇದ್ದರೆ 83 ಡಿಗ್ರಿಯ ಉಪಗ್ರಹಕ್ಕೆ ಅಡ್ಡ ಬರುವುದಿಲ್ಲ. ಛಾವಣಿಯ ಮೇಲಿದ್ದರೆ ಇನ್ನೂ ಸಲೀಸು. ನೋಡುವವರಿಗೆ ಡಿಶ್ ಇಷ್ಟು ಮೇಲೆ ನೋಡುತ್ತಿದೆ ಅನ್ನಿಸದು. ಮನೆಯ ಡಿಶ್‌ಗಳ ಬಾಗು ಓರೆಯಾಗಿರುವುದರಿಂದ ಅವು ನಿಜವಾಗಿ ನೋಡುವ ದಿಕ್ಕು ಕಾಣುವುದಕ್ಕಿಂತ ಮೇಲಿರುತ್ತದೆ.

ಡಿಶ್‌ನ ತೋಳಿನ ತುದಿಯಲ್ಲಿರುವ ಎಲ್‌ಎನ್‌ಬಿ ಸುಮಾರು 12 ಗಿಗಾಹರ್ಟ್ಸ್‌ನ ಅಲೆಗಳನ್ನು 950ರಿಂದ 2,150 ಮೆಗಾಹರ್ಟ್ಸ್‌ಗೆ ಇಳಿಸಿ ಕೇಬಲ್‌ಗೆ ಕೊಡುತ್ತದೆ. ರೆಕಾರ್ಡರ್ ಸಾಮಾನ್ಯ ಬಾಕ್ಸ್‌ಗಿಂತ ಬೇರೆಯಾಗುವುದು ಇಲ್ಲಿಂದಲೇ. ಉಪಗ್ರಹದ ಚಾನೆಲ್‌ಗಳು ಅಡ್ಡಲೆ, ಉದ್ದಲೆ ಎಂದು ಎರಡು ಗುಂಪುಗಳಲ್ಲಿ ಬರಬಹುದು. ಯಾವ ಗುಂಪು ಬೇಕೆಂದು ಬಾಕ್ಸ್ ಅದೇ ಕೇಬಲ್ಲಿನಲ್ಲಿ 13 ಅಥವಾ 18 ವೋಲ್ಟ್ ಹರಿಸಿ ಎಲ್‌ಎನ್‌ಬಿಗೆ ತಿಳಿಸುತ್ತದೆ. ಹಾಗಾಗಿ ಒಂದು ಕೇಬಲ್ಲು ಒಂದು ಹೊತ್ತಿಗೆ ಒಂದೇ ಗುಂಪನ್ನು ತರಬಲ್ಲದು. ಒಂದು ಚಾನೆಲ್ ನೋಡುತ್ತ ಇನ್ನೊಂದನ್ನು ರೆಕಾರ್ಡ್ ಮಾಡಬೇಕಾದರೆ ಎರಡು ಟ್ಯೂನರ್ ಬೇಕು, ಎರಡು ಬಾಯಿಯ ಎಲ್‌ಎನ್‌ಬಿಯಿಂದ ಎರಡು ಕೇಬಲ್ ಎಳೆಯಬೇಕು. ಒಂದೇ ಕೇಬಲ್ಲಿಗೆ ಸಾದಾ ಸ್ಪ್ಲಿಟರ್ ಹಾಕಿ ಕವಲು ಮಾಡಿದರೆ ಎರಡೂ ಟ್ಯೂನರ್‌ಗಳು ಬೇರೆ ಬೇರೆ ವೋಲ್ಟ್ ಕೇಳಿದಾಗ ಒಂದು ಚಾನೆಲ್ ಮಾಯವಾಗುತ್ತದೆ. ಒಂದೇ ಕೇಬಲ್ಲಿನಲ್ಲಿ ಎರಡನ್ನೂ ತರುವ ಬೇರೆ ಬಗೆಯ ಎಲ್‌ಎನ್‌ಬಿಗಳೂ ಇವೆ. ಬಾಕ್ಸ್ ಅವಕ್ಕೆ ಒಗ್ಗುವಂಥದ್ದಾಗಿರಬೇಕು.

ಕೇಬಲ್ಲಿನಲ್ಲಿ ಇಳಿದು ಬರುವುದು ಚಿತ್ರವಲ್ಲ, ಹಿಂಡಿದ ಅಂಕಿಗಳ ಹೊಳೆ. ಅಗಲ 1,920, ಎತ್ತರ 1,080 ಚುಕ್ಕೆಗಳ ಎಚ್‌ಡಿ ಚಿತ್ರಗಳನ್ನು ಸೆಕೆಂಡಿಗೆ 25ರಂತೆ ಹಿಂಡದೆ ಕಳಿಸಿದರೆ ಸೆಕೆಂಡಿಗೆ ಸುಮಾರು 83 ಕೋಟಿ ಬಿಟ್ ಬೇಕು. ಒಂದೇ ಗಂಟೆಯ ಧಾರಾವಾಹಿಗೆ 370 ಜಿಬಿ! ಅದು ಸುಮಾರು ನೂರರಲ್ಲೊಂದು ಪಾಲಿಗೆ ಇಳಿದದ್ದರಿಂದಲೇ ಮನೆಯ ರೆಕಾರ್ಡರ್ ಎಂಬುದು ಸಾಧ್ಯವಾಯಿತು. ಆ ಇಳಿತದ ಬುಡದಲ್ಲಿ ಬೆಂಗಳೂರಿನವರೊಬ್ಬರ ಗಣಿತವಿದೆ. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ ಬೆಂಗಳೂರಿನಲ್ಲಿ. ಇಂದು ಯುವಿಸಿಇ ಎನ್ನುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಚಿತ್ರದ ಚಿಕ್ಕ ಚೌಕವನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬಿಡಿಸಿದರೆ ಹೆಚ್ಚಿನ ಮಾಹಿತಿ ಕೆಲವೇ ಅಂಕಿಗಳಲ್ಲಿ ಒಟ್ಟುಗೂಡುತ್ತದೆ ಎಂಬುದು ಅವರ ಯೋಚನೆ. 1972ರಲ್ಲಿ ಇದರ ಅಧ್ಯಯನಕ್ಕೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ಹಣ ಕೇಳಿದರು. ಯೋಚನೆ ತೀರಾ ಸರಳ ಎಂಬ ಕಾರಣಕ್ಕೆ ಹಣ ಸಿಗಲಿಲ್ಲ. ಅವರು ಬಿಡಲಿಲ್ಲ, ಟಿ. ನಟರಾಜನ್, ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು.

ಆ ಸರಳತೆಯೇ ಅದರ ಬಲವಾಯಿತು. ನೀಲಿ ಆಕಾಶ, ಬಿಳಿ ಗೋಡೆಯಂಥ ಸಪಾಟು ಭಾಗಕ್ಕೆ ಒಂದೆರಡು ಅಂಕಿ ಸಾಕು. ನವಿರಾದ ವಿವರಗಳಲ್ಲಿ ಸ್ವಲ್ಪ ಬಿಟ್ಟುಹೋದರೆ ಕಣ್ಣು ಗುರುತಿಸುವುದೇ ಇಲ್ಲ. ಫೋಟೊಗಳ ಜೆಪೆಗ್, ಡಿಟಿಎಚ್‌ನ ಎಂಪೆಗ್-2 ಎರಡೂ ಈ ಗಣಿತದ ಮೇಲೆ ನಿಂತಿವೆ, ಎಂಪೆಗ್-4ರ ಎಚ್.264 ವಿಧಾನದಲ್ಲಿ ಅದರ ಪೂರ್ಣಾಂಕ ರೂಪವಿದೆ. ಮಳೆಯಲ್ಲಿ ಟಿವಿ ಚಿತ್ರ ಚೌಕ ಚೌಕವಾಗಿ ಒಡೆಯುವುದನ್ನು ಎಲ್ಲರೂ ಕಂಡಿದ್ದಾರೆ. ಹಾಗೆ ಒಡೆಯುವುದು ಚಿತ್ರವನ್ನು ಕತ್ತರಿಸಿಟ್ಟ ಆ ಚೌಕಗಳ ಗೆರೆಗುಂಟವೇ.

ರೆಕಾರ್ಡರ್ ಈ ಹಿಂಡಿದ ಹೊಳೆಯನ್ನು ಬಂದ ಹಾಗೆಯೇ ಡಿಸ್ಕಿಗೆ ಬರೆಯುತ್ತದೆ. ಆದ್ದರಿಂದ ರೆಕಾರ್ಡ್ ಮಾಡಿದ ಕಾರ್ಯಕ್ರಮ ನೇರ ಪ್ರಸಾರದಷ್ಟೇ ಸ್ಪಷ್ಟ. ವಿಸಿಆರ್ ಕ್ಯಾಸೆಟ್ಟಿನಂತೆ ಮಂಕಾಗುವುದಿಲ್ಲ. ಸೆಕೆಂಡಿಗೆ 80 ಲಕ್ಷ ಬಿಟ್‌ನ ಎಚ್‌ಡಿ ಚಾನೆಲ್ ಗಂಟೆಗೆ 3.6 ಜಿಬಿ ತಿನ್ನುತ್ತದೆ, 500 ಜಿಬಿ ಡಿಸ್ಕಿನಲ್ಲಿ 135 ಗಂಟೆಗಳಷ್ಟು ಹಿಡಿಯುತ್ತದೆ. ಸಾದಾ ಚಾನೆಲ್‌ಗೆ ಇದರ ಅರ್ಧವೂ ಬೇಡ.

ನೋಡುತ್ತಿರುವಾಗಲೇ ನಿಲ್ಲಿಸುವ, ಹಿಂದೆ ಹೋಗುವ ಸೌಕರ್ಯವನ್ನು ಮನೆಗಳಿಗೆ ತಂದದ್ದು 1999ರಲ್ಲಿ ಅಮೆರಿಕದ ಟಿವೊ ಮತ್ತು ರಿಪ್ಲೇಟಿವಿ. ಟಿವೊ ಕಟ್ಟಿದವರು ಜಿಮ್ ಬಾರ್ಟನ್ ಮತ್ತು ಮೈಕ್ ರಾಮ್ಸೆ. ಭಾರತದಲ್ಲಿ 2008ರಲ್ಲಿ ಟಾಟಾ ಸ್ಕೈ ಪ್ಲಸ್ ಇದನ್ನು ಪರಿಚಯಿಸಿತು. ಇದರ ಒಳಗುಟ್ಟು ತಿಳಿಯಲು ಊರ ಕೆರೆಯನ್ನು ನೋಡಿದರೆ ಸಾಕು. ಹಳ್ಳದ ನೀರು ಒಂದು ಕಡೆಯಿಂದ ಬರುತ್ತಲೇ ಇರುತ್ತದೆ, ತೂಬಿನಿಂದ ಬೇಕಾದಾಗ ಬೇಕಾದಷ್ಟು ಗದ್ದೆಗೆ ಹೋಗುತ್ತದೆ. ಒಳಹರಿವಿಗೂ ಹೊರಹರಿವಿಗೂ ನಡುವೆ ಕೆರೆ ಇರುವುದರಿಂದ ಎರಡೂ ಒಂದೇ ವೇಗದಲ್ಲಿ ಇರಬೇಕಿಲ್ಲ. ರೆಕಾರ್ಡರ್‌ನಲ್ಲಿ ಚಾನೆಲ್ ಹಾಕಿದ ಕ್ಷಣದಿಂದ ಕಾರ್ಯಕ್ರಮ ಡಿಸ್ಕಿಗೆ ಬಂದು ಬೀಳುತ್ತಿರುತ್ತದೆ, ಪರದೆಯ ಮೇಲಿನ ಚಿತ್ರ ಡಿಸ್ಕಿನಿಂದ ಎದ್ದು ಬರುತ್ತಿರುತ್ತದೆ. ಪಾಸ್ ಒತ್ತುವುದೆಂದರೆ ತೂಬು ಮುಚ್ಚುವುದು, ಹಳ್ಳ ನಿಲ್ಲುವುದಿಲ್ಲ. ಮೀಸಲಿಟ್ಟ ಜಾಗ ತುಂಬಿದಾಗ ಕೋಡಿ ಬೀಳುತ್ತದೆ. ಕೆರೆಗೂ ಡಿಸ್ಕಿಗೂ ವ್ಯತ್ಯಾಸವಿರುವುದು ಇಲ್ಲೇ: ಕೆರೆಯಲ್ಲಿ ಹಳೆ ನೀರು ಹೊಸ ನೀರು ಬೆರೆಯುತ್ತವೆ, ಡಿಸ್ಕಿನಲ್ಲಿ ಅತಿ ಹಳೆಯದೇ ಮೊದಲು ಅಳಿಯುತ್ತದೆ. ಗಂಟೆಗಟ್ಟಲೆ ಪಾಸ್ ಮಾಡಿ ಹೋದವರಿಗೆ ಆರಂಭದ ಭಾಗ ಸಿಗದಿರುವುದು ಇದರಿಂದ. ಕಾಯಂ ಇರಬೇಕೆಂದರೆ ರೆಕಾರ್ಡ್ ಗುಂಡಿಯನ್ನೇ ಒತ್ತಬೇಕು.

ಕೆಲವು ಬಾಕ್ಸ್‌ಗಳಲ್ಲಿ ಡಿಸ್ಕ್ ಒಳಗಿರುವುದಿಲ್ಲ; ಯುಎಸ್‌ಬಿ ಡಿಸ್ಕ್ ಚುಚ್ಚಬೇಕು. ಮೊದಲ ಸಲ ಬಾಕ್ಸ್ ಅದನ್ನು ಫಾರ್ಮ್ಯಾಟ್ ಮಾಡುತ್ತದೆ, ಅಂದರೆ ಅದರಲ್ಲಿದ್ದ ಮದುವೆ ಫೋಟೊಗಳೆಲ್ಲ ಅಳಿದುಹೋಗುತ್ತವೆ. ಖಾಲಿ ಡಿಸ್ಕನ್ನೇ ಬಳಸಬೇಕು.

ಇನ್ನು ಟಿವಿಯ ಕಡೆಯ ಕೆಲಸ. ಬಾಕ್ಸ್‌ನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ, ಟಿವಿ ರಿಮೋಟಿನ ಸೋರ್ಸ್ ಗುಂಡಿಯಿಂದ ಅದೇ ಸಂಖ್ಯೆಯ ಎಚ್‌ಡಿಎಂಐ ಆರಿಸಬೇಕು. ಕೇಬಲ್ಲಿಗೆ ಚಿನ್ನದ ಲೇಪ, ಸಾವಿರಾರು ರೂಪಾಯಿ ಬೆಲೆ ಎಂದೆಲ್ಲ ಮಾರುವವರಿದ್ದಾರೆ. ಅಂಕಿಗಳು ಸರಿಯಾಗಿ ತಲುಪಿದ ಮೇಲೆ ಚಿತ್ರ ಇನ್ನಷ್ಟು ಚೆನ್ನಾಗುವ ಪ್ರಶ್ನೆಯೇ ಇಲ್ಲ. ಸಾಧಾರಣ ಬೆಲೆಯ ಗಟ್ಟಿ ಕೇಬಲ್ ಸಾಕು. ಹಳದಿ, ಕೆಂಪು, ಬಿಳಿ ಬಣ್ಣದ ಎವಿ ವೈರಿನಲ್ಲಿ ಎಚ್‌ಡಿ ಚಿತ್ರ ಹೋಗುವುದಿಲ್ಲ. ಆ ವೈರಿನಲ್ಲಿ ನೋಡುತ್ತ ಎಚ್‌ಡಿ ಪ್ಯಾಕಿಗೆ ಹಣ ಕಟ್ಟುವುದು ದುಡ್ಡು ದಂಡ. ಬಾಕ್ಸ್‌ನ ಮೆನುವಿನಲ್ಲಿ ಪರದೆಯ ಅಳತೆ 16:9, ರೆಸಲ್ಯೂಷನ್ ಟಿವಿ ತಾಳುವಷ್ಟು ಇರಲಿ. ಮುಖಗಳು ಅಗಲವಾಗಿ ಕಂಡರೆ ಹಳೆಯ 4:3 ಚಿತ್ರವನ್ನು ಎಳೆದಿದೆ ಎಂದರ್ಥ. ಚಿತ್ರ ಬಂದು ಧ್ವನಿ ಬಾರದಿದ್ದರೆ ಆಡಿಯೊವನ್ನು ಡಾಲ್ಬಿಯಿಂದ ಪಿಸಿಎಂಗೆ ಬದಲಿಸಿ ನೋಡಬೇಕು.

‘ನೋ ಸಿಗ್ನಲ್’ ಎಂಬ ಒಂದೇ ಮಾತನ್ನು ಟಿವಿಯೂ ಹೇಳುತ್ತದೆ, ಬಾಕ್ಸೂ ಹೇಳುತ್ತದೆ. ಬಾಕ್ಸ್‌ನ ಮೆನು ಪರದೆಯಲ್ಲಿ ಬರುತ್ತಿದ್ದರೆ ಎಚ್‌ಡಿಎಂಐ ಸರಿಯಿದೆ, ದೋಷ ಡಿಶ್ ಕಡೆಯದು. ಮೆನುವೂ ಬಾರದಿದ್ದರೆ ಛಾವಣಿ ಹತ್ತುವುದು ವ್ಯರ್ಥ. ಡಿಶ್ ಕಡೆಯದಾದರೆ ಮೆನುವಿನ ಸಿಗ್ನಲ್ ಪುಟದಲ್ಲಿ ಸ್ಟ್ರೆಂತ್ ಮತ್ತು ಕ್ವಾಲಿಟಿ ಎರಡನ್ನೂ ನೋಡಬೇಕು. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆಯಾದರೆ ಕೇಬಲ್ ಬದುಕಿದೆ, ಡಿಶ್ ಬೇರೆ ಕಡೆ ನೋಡುತ್ತಿದೆ ಎಂದು ತಿಳಿಯಬಹುದು. ಎರಡು ಟ್ಯೂನರ್‌ಗಳ ಅಂಕಿಗಳೂ ಹತ್ತಿರ ಹತ್ತಿರ ಇರಬೇಕು.

ವಿಸಿಆರ್ ಕಾಲದಂತೆ ಗಡಿಯಾರ ಹೊಂದಿಸುವ ಕೆಲಸ ಈಗಿಲ್ಲ. ಸಮಯ ಉಪಗ್ರಹದ ಹೊಳೆಯಲ್ಲೇ ಬರುತ್ತದೆ. ಗೈಡಿನಲ್ಲಿ ಕಾರ್ಯಕ್ರಮದ ಮೇಲೆ ನಿಂತು ರೆಕಾರ್ಡ್ ಒತ್ತಿದರೆ ಒಂದು ಕಂತು, ಸರಣಿ ಆರಿಸಿದರೆ ಎಲ್ಲ ಕಂತು. ಕ್ರಿಕೆಟ್ ಪಂದ್ಯ ಗೈಡಿನ ಸಮಯ ಮೀರಿ ನಡೆಯುವುದುಂಟು, ಹಾಗಾಗಿ ಕೊನೆಗೆ ಅರ್ಧ ಗಂಟೆ ಹೆಚ್ಚು ಸೇರಿಸಿಡುವುದು ಕ್ಷೇಮ.

ರೆಕಾರ್ಡ್ ಆಗುವಾಗ ಕರೆಂಟ್ ಹೋದರೆ ಆ ಭಾಗ ಹೋದಂತೆಯೇ. ಬಾಕ್ಸನ್ನು ಮನೆಯ ಯುಪಿಎಸ್ ಸಾಲಿಗೆ ಸೇರಿಸಿದರೆ, ಟಿವಿ ಆರಿದರೂ ರೆಕಾರ್ಡಿಂಗ್ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮಾತ್ರ ಪ್ಲಗ್ಗನ್ನೂ ಡಿಶ್ ಕೇಬಲ್ಲನ್ನೂ ತೆಗೆದಿಡಬೇಕು. ಸಿಡಿಲಿನ ವಿದ್ಯುತ್ತು ಡಿಶ್‌ನಿಂದಲೂ ಇಳಿಯುತ್ತದೆ. ಜೋರು ಮಳೆಯ ಹನಿಗಳು ಎರಡೂವರೆ ಸೆಂ.ಮೀ. ಉದ್ದದ ಈ ಅಲೆಗಳನ್ನು ಹೀರಿ ಚದುರಿಸುತ್ತವೆ, ಆ ಹೊತ್ತಿನ ಒಡಕು ರೆಕಾರ್ಡಿಂಗ್‌ನಲ್ಲೂ ಉಳಿಯುತ್ತದೆ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ ಸೂರ್ಯ ನೇರ ಉಪಗ್ರಹದ ಬೆನ್ನಿಗೆ ಬರುತ್ತಾನೆ. 83 ಡಿಗ್ರಿಯ ಉಪಗ್ರಹಕ್ಕೆ ಹಾಸನ ಸೀಮೆಯಲ್ಲಿ ಅದು ನಡುಮಧ್ಯಾಹ್ನದ ಆಸುಪಾಸು. ಆ ಕೆಲವು ನಿಮಿಷ ಸೂರ್ಯನ ರೇಡಿಯೊ ಗದ್ದಲದಲ್ಲಿ ಸಂಕೇತ ಮುಳುಗಬಹುದು. ಡಿಶ್ ಮುಟ್ಟದೆ ಕಾದರೆ ತಾನೇ ಸರಿಹೋಗುತ್ತದೆ.

ಡಿಸ್ಕಿನಲ್ಲಿರುವ ಕಾರ್ಯಕ್ರಮಗಳಿಗೆ ಸಾಮಾನ್ಯವಾಗಿ ಬೀಗ ಹಾಕಿರುತ್ತದೆ, ಬೀಗದ ಕೈ ಆ ಬಾಕ್ಸ್ ಮತ್ತು ಅದರ ಚಂದಾ ಕಾರ್ಡಿನಲ್ಲಿರುತ್ತದೆ. ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಹಾಕಿದರೆ ಅವು ತೆರೆಯುವುದಿಲ್ಲ. ಬಾಕ್ಸ್ ಬದಲಿಸುವುದಾದರೆ ರೆಕಾರ್ಡ್ ಮಾಡಿದ್ದನ್ನು ಅದಕ್ಕೆ ಮೊದಲೇ ನೋಡಿ ಮುಗಿಸಬೇಕು.