ಬಿಪಿ ಇಳಿಸಲು ಹುಟ್ಟಿ, ಏರಿಸಲು ನಿಂತ ಮದ್ದು

ತ್ಯಾವಣಿಗೆಯ ತೋಟದಲ್ಲಿ ಅಡಿಕೆ ಮರದಿಂದ ಬಿದ್ದವರಿರಲಿ, ನಾಲೆ ಏರಿಯ ಮೇಲೆ ಮಗುಚಿದ ಟ್ರ್ಯಾಕ್ಟರ್ ಅಡಿ ಸಿಕ್ಕವರಿರಲಿ, ಗಾಯ ದೊಡ್ಡದಾದರೆ ದಾವಣಗೆರೆಗೇ ಒಯ್ಯಬೇಕು. 2008ರಲ್ಲಿ 108 ಆಂಬುಲೆನ್ಸ್ ಬಂದ ಮೇಲೆ ಗಾಡಿಗೆ ಪರದಾಡುವುದು ತಪ್ಪಿತು. ಆದರೆ ಒಳಗೊಳಗೇ ರಕ್ತ ಸೋರುತ್ತಿದ್ದರೆ ಮೈ ತಣ್ಣಗಾಗುತ್ತದೆ, ನಾಡಿ ಓಡುತ್ತದೆ, ಬಿಪಿ ಸಿಗುವುದೇ ಇಲ್ಲ. ವೈದ್ಯರು ಶಾಕ್ ಎನ್ನುವುದು ಇದಕ್ಕೇ. ಸಲೈನ್ ಏರಿಸಬಹುದು. ಅತಿಯಾದರೆ ಉಳಿದ ರಕ್ತವೂ ತೆಳುವಾಗಿ ಹೆಪ್ಪುಗಟ್ಟದು.

ಈ ಹೊತ್ತಿಗೆಂದೇ ನಮ್ಮ ದೇಶದಲ್ಲಿ ಒಂದು ಮದ್ದು ಬಂದಿದೆ, ಸೆಂಥಾಕ್ವಿನ್. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ತಯಾರಿಸಿದ್ದು ಬಿಪಿ ಇಳಿಸಲು! ಮುಂದೆ ವಿಜ್ಞಾನಿ ಅನಿಲ್ ಗುಲಾಟಿ ಅಮೆರಿಕದಲ್ಲಿ, ರಕ್ತ ಬಸಿದು ಶಾಕ್‌ಗೆ ತಳ್ಳಿದ ಇಲಿಗಳಿಗೆ ಅದನ್ನೇ ತೀರಾ ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಬಿಪಿ ಏರಿತು, ಇಲಿಗಳು ಹೆಚ್ಚು ಹೊತ್ತು ಬದುಕಿದವು. ಮೈಯ ರಕ್ತದಲ್ಲಿ ಹೆಚ್ಚಿನ ಪಾಲು ಇರುವುದು ಅಭಿಧಮನಿಗಳಲ್ಲಿ. ಈ ಮದ್ದು ಅವನ್ನು ಬಿಗಿಮಾಡಿ, ಅಲ್ಲಿ ನಿಂತ ರಕ್ತವನ್ನು ಹೃದಯಕ್ಕೆ ತಳ್ಳುತ್ತದೆ. ನಾರ್‌ಅಡ್ರಿನಲಿನ್‌ನಂಥವು ಮುಖ್ಯವಾಗಿ ಅಪಧಮನಿಗಳನ್ನು ಹಿಂಡುವುದರಿಂದ ಬಿಪಿಯ ಅಂಕಿ ಏರಿದರೂ ಮೂತ್ರಪಿಂಡ ಸೊರಗುವ ಭಯವಿದೆ.

2020ರಲ್ಲಿ ಭಾರತದ ಔಷಧ ನಿಯಂತ್ರಕರು ಸೆಂಥಾಕ್ವಿನ್‌ಗೆ ಒಪ್ಪಿಗೆ ಕೊಟ್ಟರು. ಆದರೆ ಅದರ ಮೂರನೇ ಹಂತದ ಪರೀಕ್ಷೆಯಲ್ಲಿದ್ದವರು ನೂರು ಚಿಲ್ಲರೆ ಜನ. ಸಾವು ಕಡಿಮೆಯೇನೋ ಆಯಿತು, ಆದರೆ ಮದ್ದು ಪಡೆದ, ಪಡೆಯದ ಎರಡೂ ಗುಂಪಿನ ಸಾವುಗಳನ್ನು ಕೂಡಿಸಿದರೂ ಬೆರಳೆಣಿಕೆಯವು. ಅಷ್ಟರ ಮೇಲೆ ಅದು ಜೀವ ಉಳಿಸುತ್ತದೆ ಎನ್ನಲು ನನಗೆ ಧೈರ್ಯ ಸಾಲದು.

ಜಪಾನಿನ ಉಟಾಕೊ ಮತ್ತು ಶೋಸುಕೆ ಒಕಾಮೊಟೊ ದಂಪತಿ 1962ರಲ್ಲಿ ಪ್ರಕಟಿಸಿದ ಇನ್ನೊಂದು ಮದ್ದು, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದ ಕಥೆ ಬೇರೆ. ಅವರು ಬಯಸಿದ್ದು ಬಾಣಂತಿಯರ ರಕ್ತಸ್ರಾವ ನಿಲ್ಲಿಸಲು. ಗಾಯಾಳುಗಳಲ್ಲಿ ಅದು ಒರೆಗೆ ನಿಂತದ್ದು ಸುಮಾರು ಅರ್ಧ ಶತಮಾನದ ಬಳಿಕ, ಭಾರತವೂ ಸೇರಿ 40 ದೇಶಗಳ 20,211 ಮಂದಿಯ ಮೇಲೆ. 2010ರಲ್ಲಿ ಫಲಿತಾಂಶ ಬಂತು: ಸಾವು ಶೇ 16ರಿಂದ 14.5ಕ್ಕೆ ಇಳಿದಿತ್ತು. ಇಳಿಕೆ ಸಣ್ಣದು, ಪುರಾವೆ ಗಟ್ಟಿ. ಆದರೆ ಗಾಯವಾಗಿ ಮೂರು ಗಂಟೆ ಮೀರಿ ಕೊಟ್ಟರೆ ಲಾಭವಿಲ್ಲ, ಕೆಡುಕೇ ಆದೀತು.

ಎರಡರಲ್ಲಿ ಯಾವುದು ಮೊದಲು ಹಳ್ಳಿಯ ಗಾಡಿ ಹತ್ತಬೇಕು ಎಂದರೆ ನನ್ನ ಓಟು ಟ್ರಾನೆಕ್ಸಾಮಿಕ್‌ಗೇ. ಬೆಲೆಯೂ ಕಡಿಮೆ. ಮೊದಲ ಒಂದು ಗ್ರಾಂ 10 ನಿಮಿಷದಲ್ಲಿ ಒಳಗೆ ಹೋಗುತ್ತದೆ, ದಾವಣಗೆರೆ ಮುಟ್ಟುವ ಮುಂಚೆಯೇ. 8 ಗಂಟೆ ಹಿಡಿಯುವ ಎರಡನೆಯದನ್ನು ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ.