ಮನೆ ಅಗಲ ಬರೀ 6 ಅಡಿ, ಬಾಡಿಗೆದಾರನ ಎತ್ತರ 6 ಅಡಿ 3 ಇಂಚು! ಇದು ಬ್ರಿಟನ್‌ನ ಅತಿ ಚಿಕ್ಕ ಮನೆಯ ಕಥೆ

ವೇಲ್ಸ್‌ನ ಕಾನ್ವಿ ಪಟ್ಟಣದ ಬಂದರು ದಂಡೆಯಲ್ಲಿ ಕೆಂಪು ಬಣ್ಣದ ಪುಟ್ಟ ಮನೆಯೊಂದಿದೆ. ಹೆಸರು ಕ್ವೇ ಹೌಸ್. ಅಗಲ ಕೇವಲ 6 ಅಡಿ, ಉದ್ದ ಸುಮಾರು 10 ಅಡಿ. ಕೆಳಗೆ ಒಲೆಗೆ ಜಾಗ, ಮೇಲೆ ಮಲಗಲು ಒಂದು ಕೋಣೆ. ಮನೆ ಎಂದರೆ ಇಷ್ಟೇ!

16ನೇ ಶತಮಾನದ ಈ ಮನೆಯಲ್ಲಿ 1900ರವರೆಗೂ ಜನ ವಾಸವಿದ್ದರು. ಕೊನೆಯ ಬಾಡಿಗೆದಾರ, ಮೀನುಗಾರ ರಾಬರ್ಟ್ ಜೋನ್ಸ್‌ಗೆ ಕೋಣೆಯಲ್ಲಿ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಮನೆ ವಾಸಕ್ಕೆ ಯೋಗ್ಯವಲ್ಲ ಎಂದು ಸ್ಥಳೀಯ ಆಡಳಿತ ಹೇಳಿದ್ದರಿಂದ ಅವರು ಜಾಗ ಖಾಲಿ ಮಾಡಬೇಕಾಯಿತು.

ಮಾಲೀಕರ ಹೆಸರೂ ರಾಬರ್ಟ್ ಜೋನ್ಸ್! ಸ್ಥಳೀಯ ಪತ್ರಿಕೆಯ ಸಂಪಾದಕರೊಬ್ಬರ ಮಾತು ಕೇಳಿ ಅವರು ಮನೆ ಕೆಡವಲಿಲ್ಲ. ಇಬ್ಬರೂ ಊರೂರು ಸುತ್ತಿ ಸಣ್ಣ ಮನೆಗಳನ್ನು ಅಳೆದರು. ಇದಕ್ಕಿಂತ ಚಿಕ್ಕದು ಸಿಗಲೇ ಇಲ್ಲ. ಈಗ ಪ್ರವಾಸಿಗರು ದುಡ್ಡು ಕೊಟ್ಟು ಈ ಮನೆ ನೋಡಿಬರುತ್ತಾರೆ.