ದಂತಪಂಕ್ತಿಗೆ ಶಾಸ್ತ್ರವನ್ನಿತ್ತ ಎಡ್ವರ್ಡ್ ಆ್ಯಂಗಲ್

ಓರೆಕೋರೆಯಾಗಿ ಬೆಳೆದ ಹಲ್ಲುಗಳಿಗೆ ಕ್ಲಿಪ್ ಹಾಕಿಸಿಕೊಂಡ ಬಾಲಕ ಬಾಲಿಕೆಯರು ಇಂದು ನಮ್ಮ ಊರುಗಳಲ್ಲಿಯೂ ಧಾರಾಳವಾಗಿ ಕಾಣಸಿಗುತ್ತಾರೆ. ಆದರೆ ಈ ಚಿಕಿತ್ಸೆಯು ದಂತವೈದ್ಯರ ಬಿಡುವಿನ ಕೆಲಸವೆಂದು ಎಣಿಸಲ್ಪಡುತ್ತಿದ್ದ ಕಾಲದಲ್ಲಿ ಅದಕ್ಕೊಂದು ತತ್ತ್ವವನ್ನೂ ಪರಿಭಾಷೆಯನ್ನೂ ಪಾಠಶಾಲೆಯನ್ನೂ ಒದಗಿಸಿ, ಸ್ವತಂತ್ರ ಶಾಸ್ತ್ರದ ಪದವಿಗೇರಿಸಿದ ಅಮೆರಿಕದ ಎಡ್ವರ್ಡ್ ಹಾರ್ಟ್ಲಿ ಆ್ಯಂಗಲ್‌ನ ಹೆಸರನ್ನು ಬಲ್ಲವರು ವಿರಳ.

1855ರಲ್ಲಿ ಪೆನ್ಸಿಲ್ವೇನಿಯದ ಹೆರಿಕ್ ಎಂಬಲ್ಲಿ ಜನಿಸಿ, 1878ರಲ್ಲಿ ದಂತವೈದ್ಯದ ಪದವಿಯನ್ನು ಪಡೆದ ಆತನು, ಅನಾರೋಗ್ಯದ ನಿಮಿತ್ತ ವೃತ್ತಿಯನ್ನು ತೊರೆದು ಮೊಂಟಾನಾದಲ್ಲಿ ಕುರಿ ಸಾಕಲು ಹೋಗಿ, ಅಲ್ಲಿನ ಚಳಿಗಾಲದ ಕ್ರೌರ್ಯಕ್ಕೆ ಆ ಉದ್ಯಮವನ್ನೇ ಬಲಿಗೊಟ್ಟು, ಮರಳಿ ದಂತವೈದ್ಯಕ್ಕೆ ಬಂದು ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾದನು.

ಆತನ ಕೀರ್ತಿಗೆ ಮೂಲಾಧಾರವಾದುದು 1899ರಲ್ಲಿ ಪ್ರಕಟವಾದ ವರ್ಗೀಕರಣ. ಅಲ್ಲಿಯವರೆಗೆ ಒಂದೊಂದು ಹಲ್ಲಿನ ವಕ್ರತೆಯನ್ನು ಬಿಡಿಬಿಡಿಯಾಗಿ ನೋಡುತ್ತಿದ್ದ ವೈದ್ಯರಿಗೆ, ಮೇಲಿನ ಮತ್ತು ಕೆಳಗಿನ ಸಾಲುಗಳು ಪರಸ್ಪರ ಕೂಡುವ ಬಗೆಯೇ ಮುಖ್ಯವೆಂದು ಆತನು ತೋರಿಸಿಕೊಟ್ಟನು. ಮೇಲಿನ ಮೊದಲ ದವಡೆಹಲ್ಲನ್ನು ಸ್ಥಿರಬಿಂದುವೆಂದು ಹಿಡಿದು, ಕೆಳಗಿನ ಮೊದಲ ದವಡೆಹಲ್ಲು ಅದಕ್ಕೆ ಸರಿಯಾಗಿ ಹೊಂದಿಯೂ ಉಳಿದವು ವಕ್ರವಾಗಿದ್ದರೆ ಒಂದನೆಯ ವರ್ಗ, ಅದು ಹಿಂದೆ ಸರಿದಿದ್ದರೆ ಎರಡನೆಯದು, ಮುಂದೆ ಚಾಚಿದ್ದರೆ ಮೂರನೆಯದು ಎಂದು ಆತನು ವಿಂಗಡಿಸಿದನು. ಈ ಸರಳವಾದ ಅಳತೆಗೋಲಿನಿಂದ, ದೇಶಾಂತರದ ವೈದ್ಯರೂ ಒಂದೇ ಭಾಷೆಯಲ್ಲಿ ರೋಗನಿರ್ಣಯ ಮಾಡುವುದು ಸಾಧ್ಯವಾಯಿತು.

ಮರುವರ್ಷವೇ ಸೇಂಟ್ ಲೂಯಿಸ್ ನಗರದಲ್ಲಿ ಆತನು ಈ ವಿದ್ಯೆಗೆಂದೇ ಪ್ರತ್ಯೇಕವಾದ ಶಾಲೆಯೊಂದನ್ನು ತೆರೆದನು. ಸಹಧರ್ಮಿಣಿಯಾದ ಆ್ಯನಾ ಹಾಪ್‌ಕಿನ್ಸ್, ತಾನೂ ದಂತವೈದ್ಯದ ಪದವಿಯನ್ನು ಪಡೆದು, ಆತನ ಬೋಧನೆ ಬರಹಗಳೆರಡರಲ್ಲಿಯೂ ಹೆಗಲುಕೊಟ್ಟಳು. ಉಪಕರಣಗಳ ರಚನೆಯಲ್ಲಿ ಆತನಿಗಿದ್ದ ಕೌಶಲವು ವೃದ್ಧಾಪ್ಯದಲ್ಲಿಯೂ ಕುಂದಲಿಲ್ಲ: ಎಪ್ಪತ್ತರ ಅಂಚಿನಲ್ಲಿ ರೂಪಿಸಿದ ‘ಎಡ್ಜ್‌ವೈಸ್’ ಸಾಧನದಲ್ಲಿ, ಆಯತಾಕಾರದ ತಂತಿಯನ್ನು ಅದರ ಅಂಚಿನ ಮೇಲೆ ನಿಲ್ಲಿಸಿ ಹಲ್ಲಿಗೆ ಬಿಗಿದ ಪುಟ್ಟ ಹಿಡಿಕೆಯಾದ ಬ್ರಾಕೆಟ್ಟಿನ ಸೀಳಿನಲ್ಲಿ ಕೂರಿಸಿದುದರಿಂದ, ಹಲ್ಲಿನ ಬೇರನ್ನೂ ಬೇಕಾದತ್ತ ತಿರುಗಿಸುವ ಶಕ್ತಿ ವೈದ್ಯನ ಕೈಸೇರಿತು. ಇಂದಿನ ಬ್ರಾಕೆಟ್ಟುಗಳು ಬಹುಮಟ್ಟಿಗೆ ಅದರ ಸಂತತಿಯೇ.

ಎಲ್ಲ ಹಲ್ಲುಗಳನ್ನೂ ಉಳಿಸಿಕೊಂಡೇ ಸಾಲನ್ನು ಸರಿಪಡಿಸಬೇಕೆಂಬುದು ಆತನ ಅಚಲವಾದ ಸಿದ್ಧಾಂತವಾಗಿತ್ತು. ಕೆಲವರಿಗೆ ಹಲ್ಲು ಕೀಳಿಸುವುದು ಅನಿವಾರ್ಯವೆಂದು ವಾದಿಸಿದ ಕ್ಯಾಲ್ವಿನ್ ಕೇಸ್‌ನ ಪಕ್ಷಕ್ಕೂ ಆತನ ಪಕ್ಷಕ್ಕೂ 1911ರಲ್ಲಿ ತೀವ್ರವಾದ ವಾಗ್ವಾದವೇ ನಡೆಯಿತು. 1930ರಲ್ಲಿ ಆ್ಯಂಗಲ್ ನಿಧನನಾದನು. ಆದರೆ ಆತನ ಶಿಷ್ಯರೇ ಆದ ಚಾರ್ಲ್ಸ್ ಟ್ವೀಡ್, ಆಸ್ಟ್ರೇಲಿಯದ ರೇಮಂಡ್ ಬೆಗ್ ಇಬ್ಬರೂ, ಚಿಕಿತ್ಸೆ ಮುಗಿದ ಮೇಲೆ ಹಲ್ಲುಗಳು ಮತ್ತೆ ಸ್ಥಾನ ತಪ್ಪುವುದನ್ನು ಕಂಡು, ಅಗತ್ಯವಿದ್ದೆಡೆ ಹಲ್ಲು ಕೀಳಿಸುವ ಮಾರ್ಗವನ್ನೇ ಹಿಡಿದರು. ಆದರೂ ಗುರುವನ್ನು ತಿದ್ದಲು ಅವರು ಬಳಸಿದ ಸಾಧನ ಗುರುವೇ ಕೊಟ್ಟದ್ದು, ಪರೀಕ್ಷಿಸಿ ನೋಡುವ ಶಿಸ್ತು ಗುರುವೇ ಕಲಿಸಿದ್ದು. ತನ್ನ ಅಭಿಪ್ರಾಯವನ್ನು ಮೀರಿ ಬೆಳೆಯಬಲ್ಲ ಶಾಸ್ತ್ರವೊಂದನ್ನು ಕಟ್ಟಿದವನೆಂಬ ಗೌರವವು ಆ್ಯಂಗಲ್‌ನಿಗೆ ನಿಸ್ಸಂದೇಹವಾಗಿ ಸಲ್ಲತಕ್ಕದ್ದು.